ಎಡಗಡೆಯ ಕೈ

ಅಕ್ಕ ಹೊಲಿಗೆ ಮಿಷಿನ್ನಿನ ಮುಂದೆ ಕೂತಳೆಂದರೆ ಭಾವ ಅವಳ ಎಡಗಡೆ ಗಿಡ್ಡ ಸ್ಟೂಲಿನ ಮೇಲೆ ಕೂರಬೇಕು. ಮದುವೆಯಾದಾಗಿನಿಂದ ಇದೇ ಏರ್ಪಾಡು. ಅವಳು ಅಂಗಿ ಹೊಲಿಯುವವಳು, ಅವರು ಕಾಜಾ ಮಾಡಿ ಗುಂಡಿ ಹಚ್ಚುವವರು. ಅವಳು ತಲೆ ಎತ್ತದೆ "ಕತ್ರಿ" ಅಂದರೆ ಎಡಗಡೆಯಿಂದ ಭಾವನ ಕೈ ಕತ್ತರಿ ಹಿಡಿದು ಬರುತ್ತಿತ್ತು. ಬೀದಿಯವರು ಅವರಿಗೆ 'ಗುಂಡಿ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಅಕ್ಕನೂ ಬಿಡುತ್ತಿರಲಿಲ್ಲ. "ಈ ಮನುಷ್ಯನ ಕೈಗೆ ಕೆಲಸ ಕೊಡದಿದ್ರೆ ನನ್ನ ಬಟ್ಟೆ ಮೇಲೇ ಬಂದು ಬೀಳುತ್ತೆ" ಎಂದು ಗದರುವಳು.

ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದವಳು ಹಾಗೇ ಕುಸಿದಳು. ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಜೀವ ಉಳಿಯಿತು, ಮಾತು ಉಳಿಯಿತು, ತಂಗಿಯಾದ ನನ್ನನ್ನು ಬೈಯುವ ಚಾಳಿಯಂತೂ ಚೂರೂ ಮಾಸಲಿಲ್ಲ. ಎಡಗಾಲೆಳೆದು ನಡೆದಳು, ಎಡಗೈಯೂ ಅಷ್ಟಿಷ್ಟು ಆಡತೊಡಗಿತು. ಸದ್ಯ, ಗಂಡಾಂತರ ಕಳೆಯಿತು ಎಂದುಕೊಂಡೆ.

ಆದರೆ ತಟ್ಟೆಯ ಎಡಗಡೆ ಬಡಿಸಿದ್ದು ಹಾಗೇ ಉಳಿಯುತ್ತಿತ್ತು. "ಇಷ್ಟೇನಾ ಬಡಿಸೋದು?" ಎಂದು ನನ್ನ ಮೇಲೆ ರೇಗುವಳು. ತಲೆಯ ಬಲಭಾಗವನ್ನಷ್ಟೇ ಬಾಚುವಳು. ಒಂದು ಮಧ್ಯಾಹ್ನ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ಪಕ್ಕಕ್ಕಿಟ್ಟು, "ರೀ, ನಿಮ್ಮ ಕೈ ತೆಗೀರಿ, ಭಾರ" ಅಂದಳು. ಭಾವ ಬಾಗಿಲ ಹತ್ತಿರ ನಿಂತಿದ್ದರು. ಅಂದೇ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದೆವು.

"ಕಣ್ಣಲ್ಲೇನೂ ದೋಷ ಇಲ್ಲ" ಎಂದರು ಡಾಕ್ಟರು. "ಇದು ನನ್ನ ಕೈ, ಇದು ನನ್ನ ಕಾಲು ಅಂತ ಮೆದುಳು ಒಳಗೊಳಗೇ ನೋಡ್ಕೊಳ್ತಾ ಇರುತ್ತೆ, ನಮಗೆ ಗೊತ್ತೇ ಆಗಲ್ಲ. ಇವರಿಗೆ ಎಡಗಡೆಯನ್ನ ನೋಡ್ಕೊಳ್ಳೋ ಜಾಗಕ್ಕೇ ಪೆಟ್ಟು ಬಿದ್ದಿದೆ. ಕೈ ಕಾಣುತ್ತೆ, ತನ್ನದು ಅನ್ನಿಸಲ್ಲ. ಹಾಗಾದ್ರೆ ಯಾರದು ಅಂತ ಮೆದುಳೇ ಒಂದು ಉತ್ತರ ಹುಡುಕಿಕೊಳ್ಳುತ್ತೆ."

ಎಡಗಡೆಯಿಂದ ಬರುವ ಕೈ ಯಾರದೆಂದು ಅಕ್ಕನ ಮೆದುಳು ಬಹಳ ಹುಡುಕಬೇಕಿರಲಿಲ್ಲ.

"ಅದು ತನ್ನದು ಅಂತ ಒಪ್ಕೊಳ್ಳೋವರೆಗೂ ಮಿಷಿನ್ ಹತ್ರ ಬಿಡಬೇಡಿ. ಸೂಜಿ ಹೊಕ್ಕರೂ ಅವರಿಗೆ ತಿಳಿಯಲ್ಲ" ಎಂದೂ ಹೇಳಿದರು.

ಭಾವ ಹಟಕ್ಕೆ ಬಿದ್ದರು. ದಿನಾ ಆ ಕೈ ಹಿಡಿದು ಕೂರುವರು.

"ಈ ಗಾಯದ ಗುರುತು ನೋಡು. ಕತ್ರಿ ತಾಗಿತ್ತಲ್ಲ, ಯಾರಿಗೆ?"

"ನನಗೆ."

"ಹಾಗಾದ್ರೆ ಇದು ಯಾರ ಕೈ?"

"ನಿಮ್ಮದು."

ಭಾವ ತಮ್ಮೆರಡು ಕೈಗಳನ್ನೂ ಅವಳ ಮುಂದೆ ಚಾಚಿದರು. "ನನ್ನವು ಇಲ್ಲಿವೆ. ಮೂರನೇದು ಎಲ್ಲಿಂದ ಬಂತು?"

"ನಿಮಗೆ ಮೂರು ಕೈ ಇದ್ರೆ ನಾನೇನ್ರೀ ಮಾಡ್ಲಿ?"

ನನಗೆ ನಗು ತಡೆಯಲಾಗಲಿಲ್ಲ. ಭಾವ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರಿನ ಸದ್ದಿನಲ್ಲೂ ಅವರು ಅಳುವುದು ಕೇಳುತ್ತಿತ್ತು.

ಮಿಷಿನ್ನಿನ ಬೆಲ್ಟನ್ನು ಭಾವ ಬಿಚ್ಚಿ ಬಚ್ಚಿಟ್ಟಿದ್ದರು. ಅಕ್ಕ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. "ಹೊಲಿಯೋಕೆ ಬಿಡಲ್ಲ ಅಂದ್ಮೇಲೆ ನನ್ನನ್ನ ಯಾಕೆ ಉಳಿಸಿಕೊಂಡ್ರಿ?" ಎಂದಳು. ಇದನ್ನು ಕೇಳಿ ಭಾವ ಕರಗಿಹೋದರು. ಮರುದಿನ ಬೆಲ್ಟು ಹಾಕುತ್ತಿದ್ದವರನ್ನು ಕಂಡು ನಾನು ಕೂಗಾಡಿದೆ.

"ಬುದ್ಧಿ ನೆಟ್ಟಗಿದೆಯಾ ಭಾವ?"

"ಬರೀ ನೇರ ಹೊಲಿಗೆ ಹಾಕ್ಲಿ ಬಿಡಮ್ಮ. ಆ ಕೈನ ನಾನು ಹಿಡ್ಕೊಂಡೇ ಇರ್ತೀನಿ. ಹೀಗೆ ಮಲಗಿದ್ರೆ ಅವಳು ಉಳಿಯಲ್ಲ."

ಅಕ್ಕ ಕೂತಳು. ಭಾವ ಎಡಗಡೆಯ ಸ್ಟೂಲಿನಲ್ಲಿ ಕೂತು ಅವಳ ಎಡಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಬಲಗಾಲಿನಿಂದ ಪೆಡಲ್ ತುಳಿದಳು. ಮಿಷಿನ್ ಕಟಕಟ ಎಂದು ಓಡಿತು. ಅವಳ ಮುಖ ಮೊದಲಿನಂತಾಗಿದ್ದು ಕಂಡು ನನಗೂ ಸಿಟ್ಟಿಳಿಯಿತು.

"ಕತ್ರಿ" ಅಂದಳು ಅಕ್ಕ, ತಲೆ ಎತ್ತದೆ.

ಭಾವ ಕತ್ತರಿಗೆ ಕೈ ಚಾಚಿದರು. ಇಷ್ಟು ವರ್ಷ ಮಾಡಿದ ಕೆಲಸ, ಯೋಚಿಸಲಿಲ್ಲ. ಬಿಡುಗಡೆಯಾದ ಎಡಗೈ ತನ್ನ ಹಳೆಯ ರೂಢಿಯಂತೆ ಬಟ್ಟೆಯ ಮೇಲೆ ಹೋಗಿ ಕೂತಿತು. ಮಿಷಿನ್ ಇನ್ನೂ ಓಡುತ್ತಿತ್ತು. ನಾನು ಕಿರುಚಿದೆ.

ಭಾವ ಚಕ್ರ ತಿರುಗಿಸಿ ಸೂಜಿ ಎತ್ತಿ ಬೆರಳು ಬಿಡಿಸಿದರು. ಅಕ್ಕ ರಕ್ತವನ್ನು ನೋಡಿದಳು. ನೋವಿನ ಒಂದು ಗೆರೆಯೂ ಅವಳ ಮುಖದಲ್ಲಿರಲಿಲ್ಲ. ಆಮೇಲೆ ಗಾಬರಿಯಾದಳು.

"ಅಯ್ಯೋ, ಕೈ ಅಡ್ಡ ಇಡಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ ರೀ!"

ಚಿಂದಿ ಬಟ್ಟೆಯನ್ನು ಹಲ್ಲಿನಿಂದ ಹರಿದಳು. ಅಳುತ್ತಳುತ್ತಲೇ ಒಂದೇ ಕೈಯಿಂದ ತನ್ನ ಬೆರಳಿಗೆ ತಾನೇ ಸುತ್ತಿದಳು.

"ತುಂಬಾ ನೋಯ್ತಿದೆಯಾ?" ಎಂದು ಭಾವನನ್ನು ಕೇಳಿದಳು.

ಇದು ನಿನ್ನ ಕೈ ಎಂದು ದಿನಾ ವಾದಿಸುತ್ತಿದ್ದ ಮನುಷ್ಯ ಆ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಹೂಂ ಕಣೇ," ಎಂದರು. "ತುಂಬಾ ನೋಯ್ತಿದೆ."