ಎರವಲು ಮೂಗು

ನೀರಿಗೆ ಗಾಳಿಯೂದುವ ಯಂತ್ರ ಗುಂಯ್ ಎಂದು ಮೊರೆಯುವ ಸದ್ದಿನಲ್ಲೇ ನಮ್ಮ ಭಾವನ ದಿನ ಸಾಗುತ್ತದೆ. ಊರಿನ ಕೊಳಚೆ ನೀರೆಲ್ಲ ಕೆರೆ ಸೇರುವ ಮೊದಲು ಅವರು ನೋಡಿಕೊಳ್ಳುವ ಶುದ್ಧೀಕರಣ ಘಟಕದ ತೊಟ್ಟಿಗಳಿಗೆ ಬಂದು, ಕಣ್ಣಿಗೆ ಕಾಣದ ಜೀವಾಣುಗಳ ಹೊಟ್ಟೆಗೆ ತನ್ನ ಹೊಲಸನ್ನು ಒಪ್ಪಿಸಿ ಹೋಗಬೇಕು. ಆ ಜೀವಾಣುಗಳನ್ನು ಭಾವ ಮಕ್ಕಳೆಂದೇ ಕರೆಯುತ್ತಾರೆ. ಅಕ್ಕ ಬಾಣಲೆಯ ಎಣ್ಣೆಯನ್ನು ಸಿಂಕಿಗೆ ಸುರಿದರೆ, "ಅಯ್ಯೋ, ನನ್ನ ಮಕ್ಕಳಿಗೆ ಅಜೀರ್ಣ ಮಾಡಿಸ್ತೀಯಲ್ಲೇ!" ಎಂದು ಓಡಿಬರುತ್ತಾರೆ. "ಹೆತ್ತ ಮಕ್ಕಳು ಕೆಮ್ಮಿದ್ರೆ ಪೇಪರ್‌ನಿಂದ ತಲೆ ಎತ್ತಲ್ಲ, ಇದಕ್ಕೆ ನೋಡು!" ಎಂದು ಅಕ್ಕ ನನಗೆ ಕಣ್ಣು ಮಿಟುಕಿಸುತ್ತಾಳೆ. ಘಟಕದ ಗೇಟಿಗೆ ಯಾರೇ ಬರಲಿ, ಅಂಚೆಯವನಾಗಲಿ ಅಧಿಕಾರಿಯಾಗಲಿ, ಕುರ್ಚಿ ಕೊಡುವ ಮೊದಲೇ ಭಾವ ಕೇಳುತ್ತಾರೆ: "ಏನಾದ್ರೂ ವಾಸನೆ ಬರ್ತಿದೆಯಾ?" ಬಂದವರು, ಪಾಪ, ಭಾವ ತಮ್ಮ ಕೆಲಸಕ್ಕೆ ನಾಚುತ್ತಾರೆಂದುಕೊಂಡು, ಉಸಿರು ಬಿಗಿಹಿಡಿದು, "ಛೇ ಛೇ, ಏನೂ ಇಲ್ಲ" ಎನ್ನುತ್ತಾರೆ. ಹಿಂದೊಮ್ಮೆ ಬಂದ ಜ್ವರ ಭಾವನ ಮೂಗಿನಿಂದ ವಾಸನೆ ಹಿಡಿಯುವ ಶಕ್ತಿಯನ್ನೇ ಕಸಿದುಕೊಂಡು ಹೋಗಿದೆಯೆಂದು ಅಕ್ಕನಿಗೂ ನನಗೂ ಮಾತ್ರ ಗೊತ್ತು. ಹೇಳಿಕೊಂಡರೆ ಕೆಲಸಕ್ಕೇ ಕುತ್ತು. ಗಾಳಿ ಸಾಕಾಗದೆ ಜೀವಾಣುಗಳು ಸಾಯತೊಡಗಿದರೆ ಮೊದಲು ತಿಳಿಸುವುದು ವಾಸನೆ. ಹೋದ ಬೇಸಿಗೆಯಲ್ಲಿ ಅದು ಭಾವನಿಗೆ ತಿಳಿಯಲೇ ಇಲ್ಲ, ಕೆರೆಯ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಅಂದಿನಿಂದ ಅವರು ಕಂಡಕಂಡವರ ಮೂಗನ್ನು ಎರವಲು ಕೇಳುತ್ತಾರೆ, ಜನ ಮರ್ಯಾದೆಗಾಗಿ ಸುಳ್ಳು ಹೇಳುತ್ತಾರೆ. ನಿನ್ನೆ ನಾನು ಹೋದಾಗಲೂ ಅದೇ ಪ್ರಶ್ನೆ. "ಬರ್ತಿದೆ ಭಾವ, ಆ ಕೊನೇ ತೊಟ್ಟಿ ಕಡೆಯಿಂದ, ಕೊಳೆತ ಮೊಟ್ಟೆ ಥರ" ಎಂದೆ. "ನಿನ್ನ ಮೂಗು ತಣ್ಣಗಿರಲಿ ಕಣೋ!" ಎಂದರು. ಸಂಜೆ ಬೇಗ ಮನೆಗೆ ಬರಬೇಕೆಂದು ಅಕ್ಕ ಹೇಳಿಕಳಿಸಿದ್ದನ್ನು ನಾನು ಇನ್ನೂ ಹೇಳುತ್ತಲೇ ಇದ್ದೆ, ಭಾವ ಆಗಲೇ ಆ ತೊಟ್ಟಿಯ ಮೆಟ್ಟಿಲು ಹತ್ತುತ್ತಿದ್ದರು.