‘ಲ’ ಅಕ್ಷರಕ್ಕೆ ಜಾಗ

ಕುರುಗೋಡಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಕಾಲಕ್ಕೆ ಉಚ್ಚೆಂಗೆಪ್ಪ ಟೀವಿಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರೊಂದನ್ನು ಕೊಂಡ. ಅದಕ್ಕೆ ಕನ್ನಡ ಕಲಿಸುತ್ತೇನೆಂದು ಹಟ ಹಿಡಿದು, ಒಂದೊಂದೇ ಅಕ್ಷರವನ್ನು ಚುಕ್ಕಿ ಚುಕ್ಕಿಯಾಗಿ ಒಳಗಿಳಿಸಿದ. ‘ಅ’ದಿಂದ ಹೊರಟವನು ‘ರ’ಕ್ಕೆ ಬರುವಷ್ಟರಲ್ಲಿ ಮೆಮೊರಿ ಭರ್ತಿ! ಆದರೂ ತಡೆಯಲಾರದೆ ಓಣಿಯ ಮಂದಿಯನ್ನು ಕೂಡಿಸಿ, ಹೆಂಡತಿ ಎಲ್ಲಮ್ಮನ ಹೆಸರನ್ನೇ ಮೊದಲು ಒತ್ತಿದ. ‘ಲ’ ಕಲಿಯದ ಯಂತ್ರ ತನಗೆ ಗೊತ್ತಿದ್ದಷ್ಟನ್ನು ತೋರಿಸಿತು: ‘ಎಮ್ಮ’.

“ಎಮ್ಮಿ!” ಎಂದು ಓಣಿ ಓದಿಕೊಂಡಿತು.

ನಕ್ಕವರಲ್ಲಿ ಉಚ್ಚೆಂಗೆಪ್ಪನೂ ಒಬ್ಬ. ಆ ಹೆಸರು ಬಸ್ಸು ಹತ್ತಿ ಎಲ್ಲಮ್ಮನ ತವರು ಸಿರುಗುಪ್ಪದವರೆಗೂ ಹೋಯಿತು.

ಸಂಸಾರ ಬಳ್ಳಾರಿಗೆ ಬಂತು. ಕಬ್ಬಿಣದ ಅದಿರಿನ ಕಾಲವೂ ಬಂತು. ಬಲ್ಬು ಹಾಕಲು ಬಾರದವರು ಲಾರಿ ಕೊಂಡರು. ಉಚ್ಚೆಂಗೆಪ್ಪ ಮಾತ್ರ ‘ಲ’ಕ್ಕೆ ಜಾಗ ಮಾಡಲು ಕಂಡಕಂಡವರನ್ನು ಹಳೇ ಮೆಮೊರಿ ಬೋರ್ಡು ಕೇಳುತ್ತ ತಿರುಗಿದ. ಒಂದು ಸಲ ‘ಎಲ್ಲಮ್ಮ’ ಎಂದು ನೆಟ್ಟಗೆ ಮೂಡಿಬಿಟ್ಟರೆ ಹೆಂಡತಿಯ ಬಿಗಿದ ಮುಖ ಸಡಿಲಾದೀತೆಂಬ ಆಸೆ. ಬಾಯಿಬಿಟ್ಟು ತಪ್ಪಾಯಿತೆನ್ನುವುದು ಇದಕ್ಕಿಂತ ಅಗ್ಗವೆಂದು ನಮ್ಮಂಥ ಗಂಡಸರಿಗೆ ಹೊಳೆಯುವುದೇ ಇಲ್ಲ.

ಕೊನೆಗೆ, ಈಗ ಲಾರಿ ವೈರಿಂಗ್ ಮಾಡುವ ಹಳೇ ಗೆಳೆಯ ಗೌಸಸಾಬ್ ಮುಂಬಯಿ ಗುಜರಿಯಿಂದ ಬೋರ್ಡು ತರಿಸಿದ. ಇಬ್ಬರೂ ಕೂತು ಕಂಪ್ಯೂಟರಿನ ಮೈ ಬಿಚ್ಚಿದರು. ಬೋರ್ಡು ಕೂಡಿಸುವ ಸಂದಿಯಲ್ಲಿ ಕೆಂಪು ಪುಡಿ.

“ಲೇ ಉಚ್ಚೆಂಗಿ, ಮೊದಲು ಇದನ್ನ ಒರಸಲೇ.”

“ಬ್ಯಾಡೋ. ಆಯುಧ ಪೂಜಿಗೆ ನಮ್ಮಾಕಿ ಹಚ್ಚಿದ ಕುಂಕುಮ ಅದು. ಶುಭಕಾರ್ಯದಾಗ ಒರಸ್ತಾರೇನು?”

“ನಿಮ್ಮ ದೇವರ ಕೆಲಸದಾಗ ನಾ ಬಾಯಿ ಹಾಕಂಗಿಲ್ಲಪಾ,” ಎಂದು ಗೌಸಸಾಬ್ ಕೈ ಹಿಂತೆಗೆದ.

ಉಚ್ಚೆಂಗೆಪ್ಪ ಕುಂಕುಮದ ಮೇಲೆಯೇ ಬೋರ್ಡು ಒತ್ತಿ ಕೂಡಿಸಿ, ಹೆಂಡತಿಯನ್ನು ಕರೆದು ಟೀವಿ ಮುಂದೆ ಕುಳ್ಳಿರಿಸಿ, ಸ್ವಿಚ್ಚು ಹಾಕಿದ. ಚಿಟ್ಟೆಂದಿತು. ಸುಟ್ಟ ವಾಸನೆ. ಟೀವಿಯಲ್ಲಿ ಬರೀ ಅಡ್ಡಗೆರೆ.

“ನಾ ಹೇಳಿದ್ನಲ್ಲೋ!” ಎಂದ ಗೌಸಸಾಬ್. “ನಿನ್ನ ಕುಂಕುಮಾನ ಅದನ್ನ ತಿಂತು.”

“ಯಾವ ಕುಂಕುಮರೀ ಅಣ್ಣಾ?” ಎಂದಳು ಎಲ್ಲಮ್ಮ. “ಎಮ್ಮಿ ಅನ್ನಿಸಿಕೊಂಡ ವರ್ಷಾನ ಅದಕ್ಕ ಪೂಜಿ ಬಿಟ್ಟೀನಿ. ಇಷ್ಟು ದಸರಾ ಹೋದ್ವು, ಇವರು ನೋಡಿಲ್ಲೇನು?”

ಇವರು ನೋಡಿರಲಿಲ್ಲ. ಉಚ್ಚೆಂಗೆಪ್ಪ ತನ್ನ ಸ್ಕ್ರೂಡ್ರೈವರನ್ನು ಸಂದಿಗೆ ಹಿಡಿದ. ಅದರ ಅಯಸ್ಕಾಂತದ ತುದಿಗೆ ಕೆಂಪು ಪುಡಿ ಎದ್ದು ಬಂದು ಮೀಸೆಯಂತೆ ಅಂಟಿಕೊಂಡಿತು. ಕುಂಕುಮ ಹಾಗೆ ಅಂಟುವುದಿಲ್ಲ. ಮನೆ ಮುಂದಿನ ರಸ್ತೆಯಲ್ಲಿ ಹಗಲಿಡೀ ಓಡುವ ಲಾರಿಗಳಿಂದ ಹಾರಿಬಂದ ಅದಿರಿನ ಧೂಳು ಅದು.

“ಬಳಪ ಕೊಟ್ಟಿದ್ರ ನನ್ನ ಹೆಸರು ನಾನಾ ಬರೀತಿದ್ದೆ,” ಎಂದಳು ಎಲ್ಲಮ್ಮ. ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಆ ವೈರು ಕೀಳ್ರಿ. ಧಾರಾವಾಹಿ ಟೈಮಾತು.”

ಉಚ್ಚೆಂಗೆಪ್ಪ ವೈರು ಕಿತ್ತ.