ಕಂಬದ ಮೇಲಿನ ಕಲೆ

ಮೃಗಾಲಯದಲ್ಲಿ ಎಲ್ಲರೂ ಅವಳನ್ನು ಫಿನಾಯಿಲಕ್ಕ ಎನ್ನುತ್ತಿದ್ದರು, ಎದುರಿಗಲ್ಲ, ಬೆನ್ನ ಹಿಂದೆ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಕೋತಿಗಳ ಮನೆಯಲ್ಲಿ ಕೆಲಸ ಮಾಡುತ್ತಲೇ ಅವಳ ತಲೆ ನರೆತಿತ್ತು. ಕೋತಿಗಳೆಂದರೆ ಗೊತ್ತಲ್ಲ, ತಿನ್ನುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಅಂಥ ಕಡೆಯೂ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮನೆಯಲ್ಲೂ ಅದೇ ಗೋಳು. ಒಂದು ಕೋಣೆ, ಒಂದು ಅಡುಗೆಮನೆ, ಅಷ್ಟನ್ನೇ ಹೊತ್ತು ಹೊತ್ತಿಗೂ ಒರೆಸುವಳು. "ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನನ್ನನ್ನೂ ಒರೆಸಿಬಿಡ್ತಾಳೆ" ಎಂದು ಅವಳ ಗಂಡ, ಬಸ್ಸು ಓಡಿಸಿ ನಿವೃತ್ತನಾದವನು, ಮನೆಗೆ ಬಂದವರ ಮುಂದೆಲ್ಲ ನಗಾಡುತ್ತಿದ್ದ.

ಕೆಲಸದ ಕೊನೆಗಾಲದಲ್ಲಿ ಅವಳನ್ನು ಲೀಮರ್‌ಗಳ ಮನೆಗೆ ಹಾಕಿದರು. ಅಲ್ಲಿದ್ದದ್ದು ವಯಸ್ಸಾದ ಒಂದೇ ಜೋಡಿ. ಬೂದು ಮೈ, ನರಿಯಂಥ ಮೂತಿ, ಕಪ್ಪು ಬಿಳುಪು ಪಟ್ಟೆಯ ಉದ್ದನೆ ಬಾಲ. ಹಣ್ಣಿನ ತಟ್ಟೆ ಇಟ್ಟರೆ ಮೊದಲು ತಿನ್ನಬೇಕಾದದ್ದು ಹೆಣ್ಣು. ಗಂಡು ಅವಸರಪಟ್ಟು ಕೈ ಹಾಕಿದರೆ ಕಪಾಳಕ್ಕೆ ಒಂದು ಬೀಳುತ್ತಿತ್ತು. ಈ ನ್ಯಾಯ ಫಿನಾಯಿಲಕ್ಕನಿಗೆ ಬಹಳ ಹಿಡಿಸಿತು. ಹೆಣ್ಣಿಗೆ ಯಜಮಾನ್ತಿ ಎಂದು ಹೆಸರಿಟ್ಟು, ಮನೆಮಗಳಿಗೆ ಬಡಿಸುವ ಹಾಗೆ ಆರಿಸಿ ಆರಿಸಿ ಹಣ್ಣು ಕೊಡುತ್ತಿದ್ದಳು.

ಹಿಡಿಸದೆ ಇದ್ದದ್ದು ಗಂಡಿನ ಒಂದು ಚಾಳಿ. ನಡುವಿನ ಮರದ ಕಂಬಕ್ಕೆ ಅದು ಮುಂಗೈ ಉಜ್ಜಿ ಉಜ್ಜಿ ಹೋಗುತ್ತಿತ್ತು. ಆಮೇಲೆ ಯಜಮಾನ್ತಿ ಬಂದು ಅಲ್ಲೇ ಮೂಸಬೇಕು. ಕಂಬದ ಮೇಲೆ ಜಿಡ್ಡು ಕಲೆ ಕೂತಿತ್ತು. ಫಿನಾಯಿಲಕ್ಕ ಬೆಳಿಗ್ಗೆ ಅದನ್ನು ಉಜ್ಜಿ ತೊಳೆದರೆ, ಸಂಜೆಯೊಳಗೆ ಅವನು ಮತ್ತೆ ಹಚ್ಚಿರುತ್ತಿದ್ದ. "ನೀನಾ ನಾನಾ, ನೋಡೇಬಿಡೋಣ" ಎಂದು ಅವಳೂ ಹಟಕ್ಕೆ ಬಿದ್ದಿದ್ದಳು.

ಚಳಿಗಾಲದ ಒಂದು ಬೆಳಿಗ್ಗೆ ಗಂಡು ಮಲಗಿದ್ದ ಪೆಟ್ಟಿಗೆಯಿಂದ ಏಳಲಿಲ್ಲ. ಹೆಣವನ್ನು ಸಾಗಿಸಿದ ಮೇಲೆ ಯಜಮಾನ್ತಿ ಕಂಬದ ಹತ್ತಿರ ಹೋಗಿ ಮೂಗಿಟ್ಟು ಕೂತಳು. ಹಣ್ಣು ಮುಟ್ಟಲಿಲ್ಲ. ಸತ್ತವನ ನಾತಕ್ಕೆ ಪಾಪ ಹೆದರಿದ್ದಾಳೆ ಎಂದುಕೊಂಡಳು ಫಿನಾಯಿಲಕ್ಕ. ಸೊಂಟಕ್ಕೆ ಸೆರಗು ಸಿಕ್ಕಿಸಿ ಕಂಬ, ಹಲಗೆ, ಹಗ್ಗ, ಗೋಡೆ, ಎಲ್ಲವನ್ನೂ ಫಿನಾಯಿಲ್ ಬೆರೆಸಿದ ಬಿಸಿನೀರಲ್ಲಿ ತಿಕ್ಕಿದಳು. ಪೆಟ್ಟಿಗೆಯೊಳಗಿನ ಗೋಣಿಯನ್ನೂ ಒಗೆದು ಬಿಸಿಲಿಗೆ ಹಾಕಿದಳು. ಯಜಮಾನ್ತಿ ಮೂಲೆಯಿಂದ ಮೂಲೆಗೆ ಮೂಸುತ್ತಾ ಓಡಾಡಿ, ಕೊನೆಗೆ ಗೋಡೆಗೆ ಮುಖಮಾಡಿ ಕೂತುಬಿಟ್ಟಳು.

"ಇನ್ನೊಂದ್ಸಲ ತೊಳೀಬೇಕು, ನಾತ ಹೋಗಿಲ್ಲ ಅನ್ಸುತ್ತೆ" ಎಂದಳು ಮನೆಯಲ್ಲಿ.

"ಅವಳಿಗೆ ಅಳೋಕಾದ್ರೂ ಬಿಡೇ ಮಾರಾಯ್ತಿ" ಎಂದ ಗಂಡ. ಅವಳು ಬಿಡಲಿಲ್ಲ.

ಹಸಿದ ಜೀವ ಬಡಕಲಾಗತೊಡಗಿದಾಗ ಪ್ರಾಣಿವೈದ್ಯೆ ಬಂದಳು. ಒಳಗೆ ಕಾಲಿಡುತ್ತಲೇ ಮೂಗು ಮುಚ್ಚಿಕೊಂಡಳು.

"ಏನಮ್ಮ ಇದು, ಆಸ್ಪತ್ರೆ ಥರ?"

"ಕೋತಿಮನೇಲೂ ಹಿಂಗೇ ಇಟ್ಟಿದ್ದೆ ಮೇಡಂ."

"ಇವು ಕೋತಿಗಳಲ್ಲಮ್ಮ. ಒಂದೇ ಕುಲ ನಿಜ, ಆದ್ರೆ ಎಂದೋ ಪಾಲಾಗಿ ಬೇರೆ ಹೋದ ದಾಯಾದಿಗಳು. ಕೋತಿ, ಚಿಂಪಾಂಜಿ, ನೀವು, ನಾನು ಒಂದು ಕಡೆ. ಇವು, ಕಾಡುಪಾಪ, ಇನ್ನೊಂದು ಕಡೆ. ನಾವು ಕಣ್ಣನ್ನ ನಂಬ್ಕೊಂಡ್ವಿ. ಇವು ಮೂಗು ಬಿಡಲಿಲ್ಲ. ಅದಕ್ಕೇ ನೋಡಿ, ನಾಯಿ ಥರ ಒದ್ದೆ ಮೂಗು. ಆ ಕಂಬಕ್ಕೆ ಅವನು ಹಚ್ಚಿಟ್ಟು ಹೋದದ್ದೇ ಇವಳ ಪಾಲಿಗೆ ಅವನು."

ಫಿನಾಯಿಲಕ್ಕ ಕಂಬದ ಕಡೆ ತಿರುಗಿದಳು. "ಎಲ್ಲಾದ್ರೂ ಒಂಚೂರು ಉಳಿದಿದ್ರೆ ತಿಂತಾಳಾ?"

"ಹೇಳೋಕಾಗಲ್ಲ. ಉಳಿದಿದೆಯಾ?"

ಅವಳು ಹುಡುಕಿದಳು. ಪೆಟ್ಟಿಗೆಯ ಅಡಿ, ಹಲಗೆಯ ಹಿಂದೆ, ಹಗ್ಗದ ಗಂಟಿನೊಳಗೆ. ಎಲ್ಲಿ ಇಣುಕಿದರೂ ತನ್ನ ಕೈ ಮೊದಲೇ ಅಲ್ಲಿಗೆ ಹೋಗಿ ಬಂದಿತ್ತು. ಒಂದು ಮೂಲೆಯನ್ನಾದರೂ ಬಿಟ್ಟಿದ್ದರೆ! ಬೇರೆ ಯಾರೋ ಮೈಗಳ್ಳಿ ಈ ಕೆಲಸಕ್ಕೆ ಬಂದಿದ್ದರೆ ಈ ಪ್ರಾಣಿಗೆ ಒಂದು ಆಸರೆ ಉಳಿಯುತ್ತಿತ್ತು ಎನ್ನಿಸಿ, ತನ್ನ ಚೊಕ್ಕತನದ ಮೇಲೆ ಅವಳಿಗೆ ಹೇಸಿಗೆಯಾಯಿತು.

ಅಂದಿನಿಂದ ಅವಳು ಬಕೆಟ್ ಮುಟ್ಟಲಿಲ್ಲ. ಮೇಲ್ವಿಚಾರಕ ಗಲೀಜು ನೋಡಿ ಬೈದ, ಬೈಸಿಕೊಂಡಳು. ಯಜಮಾನ್ತಿ ತಾನೇ ಹೋಗಿ ಕಂಬಕ್ಕೆ ಮೈ ಉಜ್ಜುವಳು, ಮೂಗಿಟ್ಟು ಕಾಯುವಳು, ಮತ್ತೆ ಉಜ್ಜುವಳು. ಮರುಗುರುತು ಹಾಕುವವರು ಯಾರೂ ಇರಲಿಲ್ಲ. ಫಿನಾಯಿಲಕ್ಕ ಬಾಯಿಗೆ ಹಿಡಿದ ಹಣ್ಣನ್ನು ಯಜಮಾನ್ತಿ ಮುಲಾಜಿಗೆಂಬಂತೆ ನೆಕ್ಕಿ ಬಿಡುತ್ತಿದ್ದಳು. ಒಂದು ಮಧ್ಯಾಹ್ನ ಕಂಬವನ್ನು ತಬ್ಬಿಕೊಂಡೇ ಪ್ರಾಣ ಬಿಟ್ಟಳು.

ಸ್ವಲ್ಪ ದಿನಕ್ಕೆ ಹೊಸ ಜೋಡಿ ಬರುವ ಸುದ್ದಿ ಬಂತು. "ಈಗ ಚೆನ್ನಾಗಿ ತೊಳೀಬೇಕಮ್ಮ" ಎಂದಳು ವೈದ್ಯೆ ಮೆತ್ತಗೆ. "ಪರಕೀಯರ ವಾಸನೆ ಇದ್ರೆ ಅವು ಹೆದರ್ತಾವೆ. ಬೇಕಾದ್ರೆ ಬೇರೆಯವರಿಗೆ ಹೇಳ್ಲಾ?"

"ಬೇಡ. ನಾನೇ ತೊಳೀತೀನಿ."

ಬಕೆಟ್ ತುಂಬಿ ಕಂಬದ ಮುಂದೆ ಕೂತಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಯಜಮಾನ್ತಿ ಉಜ್ಜಿಟ್ಟು ಹೋದ ಜಿಡ್ಡು ಕಲೆಗೆ ಮೂಗು ಒತ್ತಿ ಉಸಿರೆಳೆದಳು. ಇನ್ನೊಮ್ಮೆ ಎಳೆದಳು. ಅವಳ ಒಣ ಮೂಗಿಗೆ ಮರದ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ಅಳುತ್ತಲೇ ಬ್ರಷ್ಷು ಅದ್ದಿ, ಮೇಲಿನಿಂದ ಕೆಳಕ್ಕೆ ತಿಕ್ಕಲು ಶುರುಮಾಡಿದಳು.